ಬಡಾವಣೆಯ ಮನೆ ಮತ್ತು ಕನ್ನಡ ಕಥನ: ಒಂದು ಆದರ್ಶದ ಮರುಪರಿಶೀಲನೆ

ಕನ್ನಡದ ನಗರಕೇಂದ್ರಿತ ಕಥನಸಾಹಿತ್ಯವನ್ನು ಕುರಿತ ವಿಮರ್ಶೆಯಲ್ಲಿ ಎರಡು ಮಾತುಗಳು ಬಹುಕಾಲದಿಂದ ಚಲಾವಣೆಯಲ್ಲಿವೆ. ನಗರದ ಅಂಚಿನ ಬಡಾವಣೆಯಲ್ಲೊಂದು ಸ್ವಂತ ಮನೆ, ಅದರಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮುಂದೊಂದು ಗೇಟು, ಹಿಂದೊಂದಿಷ್ಟು ಹಿತ್ತಿಲು ಎಂಬ ಚಿತ್ರವು ಆಧುನಿಕ ಮಧ್ಯಮವರ್ಗದ, ಆ ವರ್ಗದ ಮೂಲಕ ಇಡೀ ಸಮಾಜದ, ಸಹಜ ಆದರ್ಶವೆಂಬುದು ಮೊದಲನೆಯದು. ನಮ್ಮ ಸಾಹಿತ್ಯವು ಈ ಆದರ್ಶವನ್ನು ನಿರಾಕರಿಸಿ ಕಳೆದುಹೋದ ಹಳ್ಳಿಗಾಗಿ, ಅವಿಭಕ್ತ ಕುಟುಂಬಕ್ಕಾಗಿ ಹಂಬಲಿಸುತ್ತದೆ ಎಂಬುದು ಎರಡನೆಯದು. ಮೊದಲನೆಯದನ್ನು ಸಮಾಜವಿಜ್ಞಾನದಿಂದಲೂ ಜಾಹೀರಾತುಗಳಿಂದಲೂ ಎರವಲು ಪಡೆದಿದ್ದೇವೆ. ಎರಡನೆಯದು ನವ್ಯ ವಿಮರ್ಶೆ ನಮಗೆ ಬಿಟ್ಟುಹೋದ ಅಭ್ಯಾಸ. ಕೆಲವು ಕೃತಿಗಳನ್ನು ಮತ್ತೊಮ್ಮೆ ಓದಿದಾಗ ಈ ಎರಡೂ ಮಾತುಗಳು ನಿಲ್ಲುವುದಿಲ್ಲವೆಂದು ನನಗೆ ಅನ್ನಿಸಿದೆ. ಅದಕ್ಕೆ ಕಾರಣಗಳನ್ನು ಕೊಡುವುದು ಈ ಲೇಖನದ ಉದ್ದೇಶ.

ಮೊದಲು 'ಬಡಾವಣೆ' ಎಂಬುದರ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಆಡುಮಾತಿನಲ್ಲಿ ಇದು 'ಎಕ್ಸ್‌ಟೆನ್ಷನ್'. ಮನೆಯನ್ನಲ್ಲ, ನಗರವನ್ನು ವಿಸ್ತರಿಸುವ ಆಡಳಿತದ ಪದವದು. ಬೆಂಗಳೂರಿನಲ್ಲಿ ಚಾಮರಾಜಪೇಟೆಯ ವಿನ್ಯಾಸ 1892ರಷ್ಟು ಹಿಂದಿನದಾದರೂ, ಬಡಾವಣೆಯ ಬದುಕಿಗೆ ನಿಜವಾದ ಒತ್ತಾಸೆ ಬಂದದ್ದು 1898ರ ಪ್ಲೇಗಿನಿಂದ. ಪೇಟೆಯ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಗಾಳಿ ಬೆಳಕಿರುವೆಡೆಗೆ ಜನ ಹೋಗಬೇಕೆಂಬ ಆಡಳಿತದ ಆತುರದಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರಗಳು ರೂಪುಗೊಂಡವು. ಎಂದರೆ, ಮನೆಗಳ ನಡುವೆ ಅಂತರವಿರಬೇಕೆಂಬ ವಿಚಾರ ನಮ್ಮಲ್ಲಿ ಸೌಂದರ್ಯದ ಅಥವಾ ಸುಖದ ಕಲ್ಪನೆಯಾಗಿ ಹುಟ್ಟಲಿಲ್ಲ, ರೋಗಭಯದಿಂದ ಹುಟ್ಟಿತು. ಅಂತರವೆಂಬುದು ನಮ್ಮ ಸಮಾಜಕ್ಕೆ ಹೊಸ ಸಂಗತಿಯೇನೂ ಅಲ್ಲವಾದ್ದರಿಂದ ಹಳೆಯ ಅಂತರಗಳು ಹೊಸ ನಕ್ಷೆಯೊಳಗೆ ಸಲೀಸಾಗಿ ಬಂದು ಕೂತವು. ಆರಂಭದ ಬಡಾವಣೆಗಳಲ್ಲಿ ನಿವೇಶನಗಳ ವಿಂಗಡಣೆ ಜಾತಿ ಸಮುದಾಯಗಳನ್ನು ಗಮನದಲ್ಲಿರಿಸಿಕೊಂಡೇ ನಡೆಯಿತು. ಮನೆಗಳ ಸಾಲಿನ ಬೆನ್ನಿಗೆ ಜನರ ಬಾಯಲ್ಲಿ 'ಕನ್ಸರ್ವೆನ್ಸಿ' ಎನಿಸಿಕೊಂಡ ಕಿರಿದಾದ ಗಲ್ಲಿ ಇತ್ತು. ಮುಂಬಾಗಿಲಿನಿಂದ ಎಂದೂ ಒಳಬಾರದ ಮನುಷ್ಯರು ಮಲ ಹೊತ್ತು ಸಾಗಿಸಲೆಂದು ಮಾಡಿದ ದಾರಿ ಅದು. ಬಡಾವಣೆಯ ಮನೆಯನ್ನು ಕುರಿತ ಯಾವ ನೆನಪಿನ ಬರಹದಲ್ಲೂ ಮುಂದಿನ ಅಂಗಳದ ರಂಗೋಲಿಗೆ, ಸಂಪಿಗೆ ಮರಕ್ಕೆ ಸಿಕ್ಕಿದ ಜಾಗದ ಹತ್ತರಲ್ಲೊಂದು ಭಾಗ ಈ ಗಲ್ಲಿಗೆ ಸಿಕ್ಕಿಲ್ಲ.

ಮುಂದಿನ ಘಟ್ಟ ಬೇಗ ಹೇಳಿ ಮುಗಿಸಬಹುದಾದದ್ದು. 1945ರಲ್ಲಿ ಬೆಂಗಳೂರಿಗೆ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಬಂತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಸಾರ್ವಜನಿಕ ಉದ್ದಿಮೆಗಳು ತಮ್ಮ ನೌಕರರಿಗಾಗಿ ಊರುಗಳನ್ನೇ ಕಟ್ಟಿದವು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. ಗೃಹನಿರ್ಮಾಣ ಸಹಕಾರ ಸಂಘಗಳು, ಕಂದಾಯ ನಿವೇಶನಗಳು, ಅನಂತರ ಅಪಾರ್ಟ್‌ಮೆಂಟುಗಳು ಬಂದವು. ಈ ಅವಧಿಯಲ್ಲಿ 'ಸೈಟು' ಎಂಬ ಪದ ಕನ್ನಡದಲ್ಲಿ ಪಡೆದ ಭಾವತೀವ್ರತೆಯನ್ನು ಬೇರೆ ಯಾವ ಇಂಗ್ಲಿಷ್ ಪದವೂ ಪಡೆದಂತಿಲ್ಲ. ಮೂವತ್ತು ನಲವತ್ತರ ಸೈಟು ಒಂದು ತಲೆಮಾರಿನ ಆಯುಷ್ಯದ ಅಳತೆಯೇ ಆಯಿತು. ಜಾನಕಿ ನಾಯರ್ ಅವರು ಇಪ್ಪತ್ತನೆಯ ಶತಮಾನದ ಬೆಂಗಳೂರನ್ನು ಕುರಿತು 2005ರಲ್ಲಿ ಪ್ರಕಟಿಸಿದ ಗ್ರಂಥ ಈ ಚರಿತ್ರೆಗೆ ಮುಖ್ಯ ಆಕರ. ಆದರೆ ಕನ್ನಡ ಸಾಹಿತ್ಯ ವಿಮರ್ಶೆ ಇಂಥ ಅಧ್ಯಯನಗಳನ್ನು ಕೃತಿಗಳ ಪಕ್ಕದಲ್ಲಿಟ್ಟು ಓದಿದ್ದು ಕಡಿಮೆ.

ಇಲ್ಲಿ ಅಮೆರಿಕದ ಉದಾಹರಣೆಯೊಂದನ್ನು ಎತ್ತಿಕೊಳ್ಳಬೇಕಾಗಿದೆ. ಉಪನಗರದ ಕುಟುಂಬಜೀವನವೇ ಎಲ್ಲರ ಆದರ್ಶವೆಂಬ ಮಾತು ಘೋಷಣೆಯ ರೂಪ ತಳೆದದ್ದು ಅಲ್ಲಿ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ 1947ರಿಂದ ಎದ್ದುನಿಂತ ಲೆವಿಟ್‌ಟೌನ್ ಅದರ ಪ್ರತೀಕ. ಯುದ್ಧದಿಂದ ಮರಳಿದ ಸೈನಿಕನಿಗೆ ಅಗ್ಗದ ದರದಲ್ಲಿ ಒಂದೇ ಅಚ್ಚಿನ ಮನೆ ಕೊಟ್ಟ ಆ ಯೋಜನೆಯ ಕರಾರಿನಲ್ಲಿ ಬಿಳಿಯರಲ್ಲದವರಿಗೆ ಪ್ರವೇಶವಿರಲಿಲ್ಲ. 1957ರಲ್ಲಿ ಪೆನ್ಸಿಲ್ವೇನಿಯದ ಲೆವಿಟ್‌ಟೌನಿಗೆ ಕಪ್ಪು ಕುಟುಂಬವೊಂದು ವಾಸಕ್ಕೆ ಬಂದಾಗ ಮನೆಯ ಮುಂದೆ ಗುಂಪುಗಳು ಸೇರಿ ಕಲ್ಲು ತೂರಿದವು. ಆ ಮನೆಗಳ ಒಳಗೆ ನೆಮ್ಮದಿಯಾಗಿರಬೇಕಾಗಿದ್ದ ವಿದ್ಯಾವಂತ ಗೃಹಿಣಿಯರ ಹೆಸರಿಲ್ಲದ ಬೇಗುದಿಯನ್ನು ಬೆಟ್ಟಿ ಫ್ರೀಡನ್ 1963ರಲ್ಲಿ ಬರೆದರು. ಇಷ್ಟನ್ನು ನಾವು ಆಗಾಗ ಉಲ್ಲೇಖಿಸುತ್ತೇವೆ. ಆದರೆ 1967ರಲ್ಲಿ ಬಂದ ಹರ್ಬರ್ಟ್ ಗ್ಯಾನ್ಸ್ ಅವರ ಅಧ್ಯಯನವನ್ನು ಅಷ್ಟಾಗಿ ನೆನೆಯುವುದಿಲ್ಲ. ನ್ಯೂಜೆರ್ಸಿಯ ಲೆವಿಟ್‌ಟೌನಿನಲ್ಲಿ ತಾವೇ ಮನೆ ಕೊಂಡು ಎರಡು ವರ್ಷ ವಾಸವಿದ್ದ ಈ ಸಮಾಜಶಾಸ್ತ್ರಜ್ಞರು ಕಂಡುಕೊಂಡದ್ದು ವಿಮರ್ಶಕರಿಗೆ ಇರುಸುಮುರುಸು ತರುವಂಥದ್ದು. ಅಲ್ಲಿನ ಬಹುಪಾಲು ನಿವಾಸಿಗಳು ಸಂತುಷ್ಟರಾಗಿಯೇ ಇದ್ದರು. ಅವರ ಬದುಕು ಏಕತಾನದ್ದು, ಟೊಳ್ಳು ಎಂದವರು ಹೆಚ್ಚಾಗಿ ನಗರದ ಬುದ್ಧಿಜೀವಿಗಳು. ತಮ್ಮ ಅಭಿರುಚಿಯನ್ನೇ ಅವರು ಎಲ್ಲರ ಅಳತೆಗೋಲಾಗಿಸಿಕೊಂಡಿದ್ದರು.

ಗ್ಯಾನ್ಸ್ ಕೊಟ್ಟ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ. 'ಇದು ಎಲ್ಲರ ಆದರ್ಶ' ಎನ್ನುವವನೂ 'ಇದು ಯಾರ ಆದರ್ಶವೂ ಆಗಬಾರದು' ಎನ್ನುವವನೂ ಬೇರೆಯವರ ಪರವಾಗಿ ಮಾತಾಡುವ ಅಧಿಕಾರವನ್ನು ತಾವಾಗಿಯೇ ವಹಿಸಿಕೊಂಡಿರುತ್ತಾರೆ. ಕನ್ನಡದ ಕಥನಕಾರರು ಈ ಅಧಿಕಾರವನ್ನು ವಹಿಸಿಕೊಂಡಿದ್ದಾರೆಯೆ? ಉತ್ತಮ ಕೃತಿಗಳಲ್ಲಿ ಇಲ್ಲವೆಂದೇ ನನ್ನ ಗ್ರಹಿಕೆ.

ಬಡಾವಣೆಯ ಮನೆಗೆ ಎದುರಾಗಿ ಹಳ್ಳಿಯ ಹಜಾರದ ಮನೆಯನ್ನು ನಿಲ್ಲಿಸುವ ರೂಢಿಯಲ್ಲಿ ನಡುವಣ ವಠಾರವನ್ನು ಮರೆಯುತ್ತೇವೆ. ನಿರಂಜನರ 'ರಂಗಮ್ಮನ ವಠಾರ' ಬೆಂಗಳೂರಿನ ಕೆಳಮಧ್ಯಮ ವರ್ಗದ ಬಾಡಿಗೆದಾರರ ಕಾದಂಬರಿ. ಒಡತಿ ರಂಗಮ್ಮ ಮುದುಕಿ, ವಿಧವೆ. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಂಥ ಸಾಲುಮನೆಗಳಲ್ಲಿ ಗುಮಾಸ್ತರು, ವಿದ್ಯಾರ್ಥಿಗಳು, ಹೊಸದಾಗಿ ಮದುವೆಯಾದವರು, ಕೆಲಸ ಹುಡುಕುವವರು ಬದುಕುತ್ತಾರೆ. ಪ್ರಗತಿಶೀಲ ಲೇಖಕರು ಇಂಥ ಸಾಮೂಹಿಕ ವಾಸವನ್ನು ಸಮಷ್ಟಿಜೀವನದ ಬೀಜವೆಂದು ಆದರ್ಶೀಕರಿಸಬಹುದಾಗಿತ್ತು. ನಿರಂಜನರು ಹಾಗೆ ಮಾಡಲಿಲ್ಲ. ನೀರಿಗಾಗಿ ಕಾಯುವ, ಪಕ್ಕದ ಮನೆಯ ಪಿಸುಮಾತಿಗೆ ಕಿವಿಗೊಡುವ, ಒಬ್ಬರ ಅವಮಾನ ಎಲ್ಲರ ಸಂಜೆಯ ಮಾತಾಗುವ ವಠಾರ ಅದು. ಪ್ರಾಯಕ್ಕೆ ಬಂದ ಹುಡುಗಿಗೆ ಅಲ್ಲಿ ಒಂದು ಗಳಿಗೆಯ ಏಕಾಂತವೂ ದೊರೆಯದು. ಆದರೂ ಕಾಯಿಲೆ, ಸಾವು, ಕೆಲಸ ಹೋದ ದಿನಗಳಲ್ಲಿ ಈ ಇಕ್ಕಟ್ಟೇ ಆಸರೆಯಾಗುತ್ತದೆ. ಕಾದಂಬರಿಯಲ್ಲಿ ಈ ಎರಡೂ ಸತ್ಯಗಳು ಒಟ್ಟಿಗಿವೆ. ಮುಂದೆ ಬಡಾವಣೆಯ ಒಂಟಿತನವನ್ನು ಬರೆದವರು ವಠಾರದ ಆಸರೆಯನ್ನು ನೆನೆದರು, ಅದರ ಕಣ್ಗಾವಲನ್ನು ಮರೆತರು. ವಠಾರದಿಂದ ಸೈಟಿಗೆ ಹೋದ ಹೆಣ್ಣುಮಕ್ಕಳು ಹಾಗೆ ಮರೆತಂತೆ ಕಾಣುವುದಿಲ್ಲ. ಒಂದು ಬಚ್ಚಲು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು, ಯಾರ ಅಪ್ಪಣೆಗೂ ಕಾಯದೆ ನೀರು ಬರುವ ಒಂದು ನಲ್ಲಿ ಇವುಗಳನ್ನು ಬೂರ್ಜ್ವಾ ಹಂಬಲವೆಂದು ಕರೆಯುವುದು ಅವುಗಳನ್ನು ಮೊದಲಿನಿಂದಲೂ ಉಳ್ಳವರಿಗೆ ಮಾತ್ರ ಸುಲಭ.

ಆದರೆ ಚಿಲಕವಿರುವ ಬಾಗಿಲಿನ ಹಿಂದೆ ಏನು ನಡೆಯುತ್ತದೆ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಮೊದಲು ಗಂಭೀರವಾಗಿ ಕೇಳಿದವರು ನವ್ಯರಲ್ಲ, ನವ್ಯ ವಿಮರ್ಶೆ 'ಜನಪ್ರಿಯ' ಎಂದು ಬದಿಗಿಟ್ಟ ಲೇಖಕಿಯರು. ತ್ರಿವೇಣಿಯವರ (1928–1963) 'ಶರಪಂಜರ'ವನ್ನು ನಾವು ಮನೋವೈಜ್ಞಾನಿಕ ಕಾದಂಬರಿ ಎಂಬ ಹಣೆಪಟ್ಟಿ ಹಚ್ಚಿ ಕಪಾಟಿನಲ್ಲಿಟ್ಟಿದ್ದೇವೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದ ಮೇಲೆ ಓದುಗರ ಮನಸ್ಸಿನಲ್ಲಿ ಕಾವೇರಿಗೆ ಕಲ್ಪನಾ ಅವರ ಮುಖವೇ ಸ್ಥಿರವಾಯಿತು. ಆದರೆ ಇದನ್ನು ಮನೆಯ ಕಾದಂಬರಿಯಾಗಿ ಓದಲು ಸಾಧ್ಯವಿದೆ. ಕಾವೇರಿಗೆ ಆದರ್ಶವೆಂದು ಹೇಳುವ ಎಲ್ಲವೂ ಇದೆ. ಒಲಿದು ಮದುವೆಯಾದ ಗಂಡ, ಅವನಿಗೊಂದು ಗೌರವದ ನೌಕರಿ, ಅನುಕೂಲವಾದ ಮನೆ, ಮಕ್ಕಳು. ಹೆರಿಗೆಯ ಬಳಿಕ ಅವಳ ಮನಸ್ಸಿನ ಸಮತೋಲ ತಪ್ಪುತ್ತದೆ. ಜನ ಬಾಣಂತಿ ಸನ್ನಿ ಎನ್ನುವ ಸ್ಥಿತಿ ಅದು. ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಕಾದಂಬರಿಯ ನಿಜವಾದ ಆರಂಭ ಅಲ್ಲಿ. ಅವಳು ನಕ್ಕರೆ ಅನುಮಾನ, ಸಿಟ್ಟಾದರೆ ಅನುಮಾನ, ಮಗುವನ್ನು ಎತ್ತಿಕೊಂಡರೆ ಅನುಮಾನ. ನೆರೆಯವರು ದೂರವಾಗುತ್ತಾರೆ. ಗಂಡ ಸತೀಶ ಅಷ್ಟರಲ್ಲಿ ಬೇರೊಬ್ಬಳಲ್ಲಿ ಅನುರಕ್ತನಾಗಿದ್ದಾನೆ. ರೋಗಿಯಾಗಿದ್ದವಳಿಗೆ ಕ್ಷಮೆಯಿಲ್ಲ, ಅವನಿಗೆ ಕ್ಷಮೆಯ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ತ್ರಿವೇಣಿ ಅವಿಭಕ್ತ ಕುಟುಂಬವನ್ನು ಪರಿಹಾರವಾಗಿ ಸೂಚಿಸುವುದಿಲ್ಲ. ಅಜ್ಜಿ ಅತ್ತೆಯರಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಹಳಹಳಿಕೆ ಕಾದಂಬರಿಯ ಧ್ವನಿಯಲ್ಲ. ಮನೆಗೂ ಆಸ್ಪತ್ರೆಗೂ ನಡುವೆ ಅವರು ಮಾಡುವ ಹೋಲಿಕೆ ಇನ್ನೂ ಕಠಿಣವಾದದ್ದು. ಎಲ್ಲರೂ ಹೆದರುವ ಹುಚ್ಚಾಸ್ಪತ್ರೆ ಅವಳನ್ನು ಮನುಷ್ಯಳೆಂದು ಕಂಡು ಗುಣಪಡಿಸುತ್ತದೆ. ಎಲ್ಲರೂ ಬಯಸುವ ಮನೆಯಿಂದ ಅದು ಆಗುವುದಿಲ್ಲ. ಆದರ್ಶ ಕುಟುಂಬ ಕಾವೇರಿಯನ್ನು ಹೊರಗೆ ತಳ್ಳುವುದಿಲ್ಲ, ಒಳಗಿಟ್ಟುಕೊಂಡೇ ಅವಳ ಸ್ಥಾನವನ್ನು ತೆಗೆದುಬಿಡುತ್ತದೆ. ಅವಳು ಆ ಆದರ್ಶವನ್ನು ಪ್ರಶ್ನಿಸಿದವಳೂ ಅಲ್ಲ. ಮನಸಾರೆ ನಂಬಿದ್ದವಳು, ಮತ್ತೆ ಅದರೊಳಗೆ ಹೋಗಲು ಕೊನೆಯವರೆಗೂ ಹೆಣಗಿದವಳು. ಹೀಗಿರುವಾಗ 'ಇದು ಅವಳ ಆದರ್ಶವಾಗಿತ್ತೆ?' ಎಂಬ ಪ್ರಶ್ನೆಗೆ ಹೌದೆಂದೇ ಹೇಳಬೇಕು. ಆ ಹೌದಿನಿಂದ ಮನೆಯ ಪರವಾಗಿ ಏನೂ ಸಿದ್ಧವಾಗುವುದಿಲ್ಲ.

ದಾಂಪತ್ಯವನ್ನು ಕನ್ನಡದ ಭಾವಲೋಕದ ನಡುಮನೆಗೆ ತಂದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' (1942) ಇಲ್ಲಿ ನೆನಪಾಗದಿರದು. ಆ ಕವಿತೆಗಳ ಭೂಗೋಳದಲ್ಲಿ ಬಡಾವಣೆಯಿಲ್ಲ. ಇರುವುದು ಊರು, ದಾರಿ, ಮಾವನ ಮನೆ, ತವರು. ಆದರೂ ಮುಂದೆ ಅವುಗಳನ್ನು ಕ್ಯಾಸೆಟ್ಟುಗಳಲ್ಲಿ ಕೇಳಿ ತಮ್ಮದಾಗಿಸಿಕೊಂಡದ್ದು ಹೆಚ್ಚಾಗಿ ಬಡಾವಣೆಯ ಮನೆಗಳು. ಹಳ್ಳಿಯ ಒಲವನ್ನು ನಗರದ ಮನೆಯ ಅಲಂಕಾರವಾಗಿಸಿಕೊಂಡ ಈ ಸ್ವೀಕಾರದ ಚರಿತ್ರೆ ಬೇರೆಯೇ ಒಂದು ಪ್ರಬಂಧದ ವಸ್ತು. ಅಂತೆಯೇ ಮೈಸೂರಿನ ಒಂಟಿಕೊಪ್ಪಲಿನ 'ಉದಯರವಿ'ಯಲ್ಲಿ ಕುಳಿತು ಕುವೆಂಪು ಮಲೆನಾಡಿನ ಕಾಡನ್ನು ಬರೆದರೆಂಬುದನ್ನೂ ಮರೆಯಲಾಗದು. ಕನ್ನಡದ ಹಳ್ಳಿಯ ಬಹುಭಾಗ ಬಡಾವಣೆಯ ಮೇಜುಗಳ ಮೇಲೆ ಹುಟ್ಟಿದೆ.

ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಬಂತು. ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದದ ಮೂಲಕ ಅದಕ್ಕೆ ಜಗತ್ತಿನ ಓದುಗರು ದೊರೆತರು. ಹಣ ಬಂದು ಕುಟುಂಬ ಕೆಟ್ಟಿತು ಎಂಬ ನೀತಿಕತೆಯಾಗಿ ಅದನ್ನು ಓದಿದವರೇ ಹೆಚ್ಚು. ಕೃತಿಯೊಳಗೆ ಅಂಥ ಮಾತುಗಳು ಇವೆಯಾದ್ದರಿಂದ ಈ ಓದು ಆಧಾರವಿಲ್ಲದ್ದಲ್ಲ. ಆದರೆ ನನಗೆ ಅದು ಮನೆಯ ಗಡಿಗಳ ಕತೆಯಾಗಿ ಹೆಚ್ಚು ಮುಖ್ಯ. ಅಪ್ಪ ಚಹಾಪುಡಿಯ ಮಾರಾಟ ಪ್ರತಿನಿಧಿಯಾಗಿದ್ದಾಗ ಇದ್ದ ಹಳೆಯ ಸಾಲುಮನೆಯಲ್ಲಿ ಇರುವೆಗಳ ಕಾಟವಿತ್ತು, ದುಡ್ಡಿನ ಬಿಕ್ಕಟ್ಟಿತ್ತು. ಅಪ್ಪನ ಲೆಕ್ಕ ಹೊಂದದೆ ಹೋದ ರಾತ್ರಿ ಇಡೀ ಮನೆ ಕೂತು ಅದನ್ನು ಹುಡುಕುತ್ತಿತ್ತು. ಚಿಕ್ಕಪ್ಪನ ಸೋನಾ ಮಸಾಲೆ ವ್ಯಾಪಾರ ಕೈಹಿಡಿದ ಮೇಲೆ ಎಲ್ಲರೂ ದೊಡ್ಡ ಮನೆಗೆ ಬರುತ್ತಾರೆ, ಒಬ್ಬೊಬ್ಬರಿಗೂ ಕೋಣೆ ಸಿಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಬಡಾವಣೆಯ ಮನೆಯೆಂದರೆ ಗಂಡ, ಹೆಂಡತಿ, ಮಕ್ಕಳ ಚಿಕ್ಕ ಕುಟುಂಬ ಎಂಬ ಸಮೀಕರಣವನ್ನು ಕೃತಿ ಒಪ್ಪುವುದಿಲ್ಲ. ಅವಿಭಕ್ತ ಕುಟುಂಬ ಒಡೆದಿಲ್ಲ, ಇನ್ನಷ್ಟು ಬಿಗಿದುಕೊಂಡಿದೆ. ಗಂಡನ ಮನೆ ಬಿಟ್ಟುಬಂದ ಮಾಲತಿಯೂ, ಮದುವೆಯಾಗದ ಚಿಕ್ಕಪ್ಪನೂ, ಕೆಲಸವಿಲ್ಲದೆ ಸಂಬಳ ಪಡೆಯುವ ನಿರೂಪಕನೂ ಒಂದೇ ಆದಾಯದ ಸುತ್ತ ಕೋಟೆ ಕಟ್ಟಿಕೊಂಡಿದ್ದಾರೆ. ಹಳೆಯ ಕೂಡುಕುಟುಂಬ ನಾಶವಾಗಿ ನಗರದ ಒಂಟಿ ಕುಟುಂಬ ಬಂತು ಎಂದು ಹೇಳುತ್ತ ಬಂದ ನಮ್ಮ ಸಮಾಜಶಾಸ್ತ್ರೀಯ ವಿಮರ್ಶೆಗೆ ಇದು ಬಲವಾದ ತಕರಾರು.

ಕೃತಿಯ ಕೇಂದ್ರವಿರುವುದು ಬಾಗಿಲ ಮುಂದಿನ ಒಂದು ದೃಶ್ಯದಲ್ಲಿ. ಚಿಕ್ಕಪ್ಪನನ್ನು ಕೇಳಿಕೊಂಡು ಹೆಂಗಸೊಬ್ಬಳು ಅವನಿಗೆ ಪ್ರಿಯವಾದ ಮಸೂರ ಬೇಳೆಯ ಅಡುಗೆ ಹಿಡಿದು ಬರುತ್ತಾಳೆ. ಮನೆಯ ಹೆಂಗಸರು ಬೈಗುಳಗಳ ಮಳೆಗರೆದು ಅವಳನ್ನು ಓಡಿಸುತ್ತಾರೆ, ತಂದ ಅಡುಗೆ ನೆಲದ ಪಾಲಾಗುತ್ತದೆ. ಯಾರಿಗಾಗಿ ಬಂದಳೋ ಆ ಗಂಡಸು ಒಳಗೇ ಇದ್ದು ಹೊರಗೆ ಬರುವುದಿಲ್ಲ. ಆಯಕಟ್ಟಿನ ಜಾಗದಲ್ಲಿ ಕಾವಲು ನಿಂತವರು ಹೆಂಗಸರು ಎಂಬುದು ಇಲ್ಲಿನ ಕ್ರೌರ್ಯ. ಹೊಸಿಲಿನ ಹೊರಗೆ ನಿಂತವಳ ಸ್ಥಿತಿ ನಾಳೆ ತಮ್ಮದಾಗಬಹುದೆಂದು ಬಲ್ಲವರು ಅವರು. ಆ ದೃಶ್ಯವನ್ನು ಒಪ್ಪಲಾರದವಳು ಸೊಸೆ ಅನಿತಾ ಒಬ್ಬಳೇ, ಅದನ್ನು ಬಾಯಿಬಿಟ್ಟು ಹೇಳುವವಳೂ ಅವಳೊಬ್ಬಳೇ. ಆ ಮನೆಯ ಆದರ್ಶಕ್ಕೆ ಬಂದ ಅಪಾಯ ಅಡುಗೆ ಹಿಡಿದು ಬಂದವಳಿಂದಲ್ಲ, ಅನಿತಾಳಿಂದ. ಕೃತಿಯ ಕೊನೆಯ ಪುಟಗಳ ಭಯ ಇದರಿಂದ ಹುಟ್ಟಿದ್ದು.

ನಿರೂಪಕನಿಗೆ ಒಂದು ಕಾಫಿ ಹೌಸ್ ಇದೆ. ಮನೆಯ ಒತ್ತಡ ಹೆಚ್ಚಾದಾಗ ಅವನು ಅಲ್ಲಿಗೆ ಹೋಗಿ ಕೂರುತ್ತಾನೆ. ಮಾಣಿ ವಿನ್ಸೆಂಟನ ಒಂದೆರಡು ಮಾತುಗಳಲ್ಲಿ ಅವನಿಗೆ ಜ್ಞಾನೋದಯವೇ ಆದಂತಿರುತ್ತದೆ. ಈ ಕಾಫಿ ಹೌಸನ್ನು ವಿಮರ್ಶಕರು ಕಥನತಂತ್ರವಾಗಿ ಮೆಚ್ಚಿಕೊಂಡಿದ್ದಾರೆ. ಅದನ್ನು ವಾಸಸ್ಥಿತಿಯ ಪ್ರಶ್ನೆಯಾಗಿ ನೋಡಿದರೆ ಬೇರೆಯದೇ ಹೊಳೆಯುತ್ತದೆ. ಗಂಡಸಿಗೆ ಮನೆಯೂ ಇದೆ, ಮನೆಯಿಂದ ಹೊರಗೊಂದು ತಾಣವೂ ಇದೆ. ಮನೆ ಅವನಿಗೆ ಸಹ್ಯವಾಗುವುದು ಹೊರಗೆ ಆ ಕುರ್ಚಿ ಇರುವುದರಿಂದ. ಅನಿತಾಳಿಗೆ ಅಂಥ ಕುರ್ಚಿ ಯಾವುದು? ತವರಿಗೆ ಹೋಗಿಬರುವುದೊಂದೇ. ಬಡಾವಣೆಯ ವಿನ್ಯಾಸದಲ್ಲಿ ಉದ್ಯಾನ, ದೇವಸ್ಥಾನ, ಆಟದ ಮೈದಾನ ಎಲ್ಲಕ್ಕೂ ಜಾಗ ಬಿಟ್ಟವರು ಹೆಣ್ಣೊಬ್ಬಳು ಏನೂ ಮಾಡದೆ ಸುಮ್ಮನೆ ಕೂತಿರಬಹುದಾದ ಜಾಗವನ್ನು ಯೋಚಿಸಿದಂತಿಲ್ಲ.

ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಮೇಲೆ ಹೊಸದಾಗಿ ಓದಿಸಿಕೊಳ್ಳುತ್ತಿವೆ. ಅವುಗಳಲ್ಲಿ ಶಾಯಿಸ್ತಾ ಮಹಲನ್ನು ಕುರಿತ ಕತೆ ನಮ್ಮ ಚರ್ಚೆಗೆ ಅತ್ಯಂತ ಪ್ರಸ್ತುತ. ನಗರದ ಅಪಾರ್ಟ್‌ಮೆಂಟುಗಳ ಇಕ್ಕಟ್ಟಿನಿಂದ ನಿರೂಪಕಿಯ ಸಂಸಾರ ಗಂಡನ ನೌಕರಿಯ ನಿಮಿತ್ತ ಅಣೆಕಟ್ಟಿನ ಯೋಜನಾಪ್ರದೇಶದ ವಸತಿಗೆ ಬರುತ್ತದೆ. ಗಾಳಿ, ಬೆಳಕು, ಹೂಗಿಡ ಎಲ್ಲ ಇರುವ ತಾವು. ಅಲ್ಲಿ ಪರಿಚಯವಾಗುವ ಇಫ್ತಿಕಾರ್ ಮತ್ತು ಶಾಯಿಸ್ತಾ ದಂಪತಿಗಳದು ತುಂಬಿದ ಮನೆ. ಷಾಜಹಾನ ತಾಜಮಹಲನ್ನು ಕಟ್ಟಿದಂತೆ ತಾನು ಹೆಂಡತಿಗಾಗಿ ಮಹಲು ಕಟ್ಟುತ್ತಿದ್ದೆ ಎನ್ನುವಷ್ಟು ಪ್ರೀತಿ ಗಂಡನದು. ತಾಯಿಗೆ ನೆರವಾಗಲು ಹಿರಿಯ ಮಗಳು ಆಸಿಫಾ ಶಾಲೆ ಬಿಟ್ಟಿದ್ದಾಳೆ. ಹೆರಿಗೆಯ ಬಳಿಕ ಶಾಯಿಸ್ತಾ ತೀರಿಕೊಳ್ಳುತ್ತಾಳೆ. ಹೆಚ್ಚು ದಿನಗಳಾಗುವ ಮೊದಲೇ ಆ ಮನೆಗೆ ಹೊಸ ಹೆಂಡತಿ ಬರುತ್ತಾಳೆ. ತಾಜಮಹಲು ಸತ್ತವಳಿಗಾಗಿ ಕಟ್ಟಿದ ಗೋರಿ ಎಂಬುದನ್ನು ಕತೆ ಒತ್ತಿ ಹೇಳುವುದಿಲ್ಲ, ಅದರ ಅಗತ್ಯವೂ ಇಲ್ಲ. ಇಫ್ತಿಕಾರನ ಪ್ರೀತಿ ಸುಳ್ಳೆಂದು ಲೇಖಕಿ ಹೇಳುವುದಿಲ್ಲ ಎಂಬುದು ನನಗೆ ಮಹತ್ವದ್ದು. ಅವನಿಗೆ ಬೇಕಾಗಿದ್ದ ಆದರ್ಶದಲ್ಲಿ ಪತ್ನಿಯ ಸ್ಥಾನವಿತ್ತು, ಆ ಸ್ಥಾನದಲ್ಲಿ ಯಾರಿರಬೇಕೆಂಬುದು ಎರಡನೆಯ ಮಾತಾಗಿತ್ತು. ಬಾಣಂತಿತನದ ಆಚೆಗೆ ಕಾವೇರಿ ಬದುಕಿ ಉಳಿದೂ ಕಳೆದುಕೊಂಡದ್ದನ್ನು ಶಾಯಿಸ್ತಾ ಸತ್ತು ಕಳೆದುಕೊಳ್ಳುತ್ತಾಳೆ. ಬೇರೆ ಬೇರೆ ಸಮುದಾಯ, ಬೇರೆ ಬೇರೆ ಕಾಲದ ಈ ಎರಡು ಮನೆಗಳನ್ನು ಒಟ್ಟಿಗಿಟ್ಟು ಓದದೆ ಒಂದನ್ನು 'ಮನೋವೈಜ್ಞಾನಿಕ', ಇನ್ನೊಂದನ್ನು 'ಮುಸ್ಲಿಂ ಸಂವೇದನೆ' ಎಂದು ವಿಂಗಡಿಸಿರುವುದು ನಮ್ಮ ವಿಮರ್ಶೆಯ ಅನುಕೂಲಕ್ಕಾಗಿಯೇ ಹೊರತು ಕೃತಿಗಳ ಒತ್ತಾಯದಿಂದಲ್ಲ. ಇವೆರಡರ ನಡುವೆ ಕಂಗೆಡಿಸುವ ಪಾತ್ರ ಆಸಿಫಾಳದು. ತಾಯಿಯ ಮನೆ ನಡೆಯಲೆಂದು ಓದು ಬಿಟ್ಟವಳಿಗೆ ಆ ಮನೆ ಯಾರ ಆದರ್ಶವೆಂದು ಯಾರೂ ಕೇಳುವುದಿಲ್ಲ.

ಇನ್ನು ಈ ಆದರ್ಶದ ಹೊರಗೇ ಬದುಕಿದವರ ಮಾತು. ಕುಟುಂಬಜೀವನವೊಂದೇ ಬದುಕಿನ ಸಾರ್ಥಕತೆ ಎಂಬ ವಿಚಾರವನ್ನು ಕನ್ನಡ ಸಂಸ್ಕೃತಿ ಯಾವ ಕಾಲದಲ್ಲೂ ಪೂರ್ತಿ ಒಪ್ಪಿದ್ದಿಲ್ಲ. ಅರಮನೆ ಬಿಟ್ಟುನಡೆದ ಅಕ್ಕಮಹಾದೇವಿಯನ್ನು ಪೂಜಿಸುವ ಮನೆಗಳೇ ಮಗಳು ರಾತ್ರಿ ತಡವಾಗಿ ಬಂದರೆ ಕಂಗಾಲಾಗುವುದು ಬೇರೆ ಮಾತು. ಯಶವಂತ ಚಿತ್ತಾಲರ 'ಶಿಕಾರಿ'ಯ (1979) ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ಎತ್ತರದ ಹುದ್ದೆಯಲ್ಲಿರುವ ಒಂಟಿ ಮನುಷ್ಯ. ಅವನ ಮೇಲೆ ನಡೆಯುವ ಬೇಟೆಯನ್ನು ಅಸ್ತಿತ್ವವಾದಿ ಪರಿಭಾಷೆಯಲ್ಲಿ ಬೇಕಾದಷ್ಟು ವಿವರಿಸಲಾಗಿದೆ. ಹೆಂಡತಿ, ಮಕ್ಕಳು, ನಂಟರು ಎಂಬ ಬೇಲಿಯಿಲ್ಲದವನನ್ನು ಬೇಟೆಯಾಡುವುದು ಸುಲಭ ಎಂಬ ಸರಳ ಸಾಮಾಜಿಕ ಸತ್ಯವೂ ಅದರಲ್ಲಿದೆ. ಜಯಂತ ಕಾಯ್ಕಿಣಿಯವರ ಮುಂಬಯಿ ಇನ್ನೂ ಮುಂದೆ ಹೋಗುತ್ತದೆ. 'ನೋ ಪ್ರೆಸೆಂಟ್ಸ್ ಪ್ಲೀಸ್' ಕತೆಯಲ್ಲಿ ಪೋಪಟ್ ಮತ್ತು ಅಸಾವರಿ ತಮ್ಮ ಮದುವೆಯ ಕರೆಯೋಲೆಯ ಒಕ್ಕಣೆ ಬರೆಯಲು ಕೂರುತ್ತಾರೆ. ಕರೆಯೋಲೆ ಎಂಬ ಪ್ರಕಾರವೇ ಹಿರಿಯರ ಹೆಸರು, ಮನೆತನ, ಅಡ್ಡಹೆಸರುಗಳ ಸುತ್ತ ಹೆಣೆದದ್ದು. ಅವು ಇಲ್ಲದವರು ಅದನ್ನು ತುಂಬುವುದು ಹೇಗೆ? ಈ ಇಬ್ಬರೂ ಮನೆಮಾಡಲು ಹೊರಟವರೇ, ಆದರ್ಶವನ್ನು ತಿರಸ್ಕರಿಸಿದವರಲ್ಲ. ಅದರ ನಮೂನೆಯ ಹಾಳೆಯಲ್ಲಿ ತಮಗೆ ಅಂಕಣವಿಲ್ಲವೆಂದು ಕಂಡವರು. ಕಾಯ್ಕಿಣಿಯವರ ಕತೆಗಳಲ್ಲಿ ಮತ್ತೆಮತ್ತೆ ರಕ್ತಸಂಬಂಧವಿಲ್ಲದ ಮನುಷ್ಯರು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ, ಚಾಳಿನ ಮೊಗಸಾಲೆಯಲ್ಲಿ ಕೆಲಕಾಲದ ಕುಟುಂಬಗಳಾಗುತ್ತಾರೆ. ಕೆಲವೊಮ್ಮೆ ಈ ಆರ್ದ್ರತೆ ಅತಿಯಾಗಿ, ಬಡತನ ಬೆಚ್ಚಗಿನದೆಂಬ ಭ್ರಮೆಗೆ ಎಡೆಮಾಡುತ್ತದೆಂಬ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾರೆ.

ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಕನ್ನಡದಲ್ಲಿ 'ಬದುಕು ಬಯಲು' ಆಯಿತು, ರಂಗದ ಮೇಲೂ ಬಂತು. ಹುಟ್ಟಿದ ಮನೆಯಲ್ಲಿ ಹೆಣ್ಣಾಗಿ ಇರಲಾಗದೆ ಹೊರಬಿದ್ದವರು ಗುರು ಮತ್ತು ಚೇಲಾಗಳ ಇನ್ನೊಂದು ಮನೆಗೆ ಸೇರುತ್ತಾರೆ. ಅಲ್ಲೂ ತಾಯಿ, ಮಗಳು, ಅಕ್ಕ ಎಂಬ ಸಂಬಂಧಪದಗಳಿವೆ, ಕಟ್ಟಳೆಗಳಿವೆ, ಹೊಡೆತವೂ ಇದೆ. ಇದನ್ನು ಪರ್ಯಾಯ ಕುಟುಂಬವೆಂದು ಸಂಭ್ರಮಿಸುವ ಮೊದಲು ರೇವತಿಯವರು ಹುಟ್ಟೂರಿನ ಮನೆಗೆ, ಆ ಮನೆಯಲ್ಲಿ ತಮಗೂ ಸಲ್ಲಬೇಕಾದ ಜಾಗಕ್ಕೆ, ಎಷ್ಟು ಬಾರಿ ಮರಳಿ ಹೋದರೆಂಬುದನ್ನು ಓದಬೇಕು. ಕನ್ನಡದ ಶೀರ್ಷಿಕೆಯ 'ಬಯಲು' ವಚನಕಾರರಿಂದ ಬಂದ ಪದ. ಅಲ್ಲಿ ಅದು ಮುಕ್ತಿಯನ್ನು ಸೂಚಿಸುತ್ತದೆ. ರೇವತಿಯವರ ಬದುಕಿನಲ್ಲಿ ಅದು ಬಾಗಿಲುಗಳು ಮುಚ್ಚಿಕೊಂಡಾಗ ಉಳಿಯುವ ಜಾಗವೂ ಹೌದು.

ಕೊನೆಯದಾಗಿ ನನ್ನನ್ನು ಅತಿ ಹೆಚ್ಚು ತೊಡಕಿಗೆ ಸಿಕ್ಕಿಸಿದ ಪ್ರಶ್ನೆ. ಬಡಾವಣೆಯ ಮನೆ ಎಲ್ಲರ ಆದರ್ಶವಲ್ಲವೆಂದು ಈವರೆಗೆ ಬರೆದದ್ದನ್ನು ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಪಕ್ಕದಲ್ಲಿಟ್ಟು ನೋಡಿದರೆ ಏನಾಗುತ್ತದೆ? ಹಳ್ಳಿಯ ಕೇರಿಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಹುಡುಗ ಓದಲು ಬೇಕಾದ ಶಾಂತಿಯನ್ನು ಸ್ಮಶಾನದಲ್ಲಿ ಕಂಡುಕೊಂಡ ಪ್ರಸಂಗವನ್ನು ನಾವೆಲ್ಲ ಅದರ ಹಾಸ್ಯಕ್ಕಾಗಿ ನೆನೆಯುತ್ತೇವೆ. ಆ ಹಾಸ್ಯ ಲೇಖಕರ ಘನತೆ. ಓದುಗರಾದ ನಾವು ಅದರ ಹಿಂದಿನ ಲೆಕ್ಕವನ್ನೂ ನೋಡಬೇಕಾಗುತ್ತದೆ. ಒಂದು ಮೇಜು, ಒಂದು ದೀಪ, ಗೋಡೆಯ ಆಚೆ ಗದ್ದಲವಿಲ್ಲದ ಒಂದು ಕೋಣೆ ಮಲ್ಲೇಶ್ವರದ ಹುಡುಗನಿಗೆ ಹುಟ್ಟಿನಿಂದ ಬಂದದ್ದು. ಶ್ರೀರಾಮಪುರದ ಹುಡುಗನಿಗೆ ಅದು ಸತ್ತವರ ನೆರೆಯಲ್ಲಿ ಸಿಗಬೇಕಾಯಿತು. ಎರಡೂ ಬಡಾವಣೆಗಳ ನಡುವಣ ದೂರ ಕಾಲ್ನಡಿಗೆಯದು. ಈ ಹುಡುಗ ಮುಂದೆ ಸ್ವಂತ ಮನೆಯನ್ನು ಬಯಸಿದರೆ ಅದು ಮಧ್ಯಮವರ್ಗದ ಅನುಕರಣೆಯೆ? ಹಾಗೆನ್ನುವ ಹಕ್ಕು ಯಾರಿಗಿದೆ? ಬಾಡಿಗೆ ಮನೆ ಕೇಳಲು ಹೋದಾಗ ಹೆಸರಿನ ಬಳಿಕ ಊರು, ಊರಿನ ಬಳಿಕ 'ನೀವು ಯಾವ ಜನ', ಕೊನೆಗೆ 'ಮನೆಯಲ್ಲಿ ಮಾಂಸ ಬೇಯಿಸುತ್ತೀರಾ' ಎಂಬ ಪ್ರಶ್ನೆಗಳನ್ನು ಎದುರಿಸಿ ಮರಳಿದವರಿಗೆ ಸ್ವಂತ ಸೈಟೆಂದರೆ ಹೂದೋಟದ ಕನಸಲ್ಲ, ಪ್ರಶ್ನೆ ಕೇಳಿಸಿಕೊಳ್ಳದೆ ಬಾಗ

ಿಲು ತೆರೆಯುವ ಹಕ್ಕು. ದಲಿತ, ಮುಸ್ಲಿಂ, ಒಂಟಿ ಹೆಣ್ಣು, ಹೀಗೆ ಈ ಪ್ರಶ್ನಾವಳಿಯನ್ನು ಬಾಯಿಪಾಠವಾಗಿ ಬಲ್ಲವರು ನಮ್ಮ ನಗರಗಳಲ್ಲಿ ಬಹಳಿದ್ದಾರೆ.

ಆದುದರಿಂದ ಬಡಾವಣೆಯ ಬದುಕನ್ನು ಟೊಳ್ಳೆಂದು ತೀರ್ಮಾನಿಸಿದ ನಮ್ಮ ವಿಮರ್ಶೆಯ ವಿಳಾಸವನ್ನು ಪರಿಶೀಲಿಸುವುದು ಅಗತ್ಯ. ಆ ವಿಮರ್ಶೆಯಲ್ಲಿ ಬಹಳಷ್ಟನ್ನು ಬರೆದವರು ಪ್ರಾಧ್ಯಾಪಕರು, ಅಧಿಕಾರಿಗಳು, ಬ್ಯಾಂಕು ನೌಕರರು. ಗೃಹನಿರ್ಮಾಣ ಸಂಘಗಳಲ್ಲಿ ಅರ್ಜಿ ಹಾಕಿ, ಕಂತು ಕಟ್ಟಿ, ಸೈಟು ಪಡೆದು, ಗೃಹಪ್ರವೇಶಕ್ಕೆ ಕರೆಯೋಲೆ ಅಚ್ಚುಹಾಕಿಸಿದವರು. ಈ ಲೇಖಕನೂ ಆ ಸಾಲಿನಲ್ಲಿ ಸೇರಿದವನೇ. ತನ್ನ ಮನೆಯ ಸಾಲ ತೀರಿದ ಮೇಲೆ ಮನೆಯ ವ್ಯರ್ಥತೆಯನ್ನು ಕುರಿತು ಬರೆಯುವುದರಲ್ಲಿ ಅಪ್ರಾಮಾಣಿಕತೆ ಇದೆಯೆಂದಲ್ಲ, ಅನುಕೂಲವಿದೆ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕಷ್ಟದ ವರ್ಣನೆಯಾಗಿ ಬಳಸುತ್ತೇವೆ. ಆ ಎರಡನ್ನೂ ಮಾಡಿ ನೋಡುವ ಅವಕಾಶವೇ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬುದು ಗಾದೆಯೊಳಗಿಲ್ಲ.

ಈ ದಿಕ್ಕಿನ ಸಂಶೋಧನೆಗೆ ಆಕರಗಳ ಕೊರತೆಯಿಲ್ಲ. ಗೃಹನಿರ್ಮಾಣ ಸಹಕಾರ ಸಂಘಗಳ ಸದಸ್ಯತ್ವದ ಪಟ್ಟಿಗಳು ಮತ್ತು ಉಪವಿಧಿಗಳು, ನಿವೇಶನ ಹಂಚಿಕೆಯ ದಾಖಲೆಗಳು, ಹಳೆಯ ವಾರಪತ್ರಿಕೆಗಳ ಮನೆ ಅಲಂಕಾರದ ಅಂಕಣಗಳು, ತ್ರಿವೇಣಿಯವರಿಂದ ಅನುಪಮಾ ನಿರಂಜನರವರೆಗಿನ ಲೇಖಕಿಯರ ಕಾದಂಬರಿಗಳಲ್ಲಿ ಕೋಣೆಗಳು ಬರುವ ಬಗೆ, ಇವುಗಳನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ಆಗಬೇಕಾಗಿದೆ. ಮನೆಗೆಲಸದವರ ಬಾಯಿಂದ ಬಂದ ಕಥನಗಳು ಕನ್ನಡದಲ್ಲಿ ವಿರಳ. ಒಂದೇ ದಿನದಲ್ಲಿ ಅಂಥ ನಾಲ್ಕಾರು ಮನೆಗಳ ಒಳಗನ್ನು ಕಂಡುಬಂದು ಸಂಜೆ ತಮ್ಮ ಒಂದು ಕೋಣೆಯ ಮನೆಗೆ ಮರಳುವ ಆ ಹೆಂಗಸರಷ್ಟು ಬಡಾವಣೆಯ ಸಂಸಾರವನ್ನು ಬಲ್ಲವರು ಇಲ್ಲ. ಗಿರೀಶ ಕಾರ್ನಾಡರು ಬೆಂಗಳೂರನ್ನು ಕುರಿತ ತಮ್ಮ ನಾಟಕ 'ಬೆಂದಕಾಳು ಆನ್ ಟೋಸ್ಟ್'ನಲ್ಲಿ ಬಂಗಲೆಯ ಒಡತಿಯಷ್ಟೇ ಅಲ್ಲಿನ ಕೆಲಸದವರಿಗೂ ರಂಗವನ್ನು ಬಿಟ್ಟುಕೊಟ್ಟರು. ಕಾದಂಬರಿಯಲ್ಲಿ ಅವರು ಈಗಲೂ ಬಹುಮಟ್ಟಿಗೆ ಅಡುಗೆಮನೆಯ ಹಿಂಬಾಗಿಲಿನಿಂದಲೇ ಬಂದುಹೋಗುತ್ತಿದ್ದಾರೆ.